ಖಡಕ್ ರೊಟ್ಟಿ ಪುಡಿಯಾಗದ ಸೂಟ್‌ಕೇಸ್ ಬೇಕು, ಯಾವುದನ್ನು ಕೊಳ್ಳಲಿ?

ಗಿರಿಜಾ, ವಿದ್ಯಾನಗರ:
ಮಗಳು ಓದಲು ಜರ್ಮನಿಗೆ ಹೊರಟಿದ್ದಾಳೆ. ಟಿಕೆಟ್‌ನಲ್ಲಿ 23 ಕೆ.ಜಿ.ಯ ಒಂದು ಪೆಟ್ಟಿಗೆ, ಕೈಚೀಲಕ್ಕೆ 8 ಕೆ.ಜಿ. ಎಂದಿದೆ. ಹೋದ ವರ್ಷ ದೆಹಲಿಗೆ ಬಟ್ಟೆಯ ಬ್ಯಾಗಿನಲ್ಲಿ ಮೂವತ್ತು ಖಡಕ್ ರೊಟ್ಟಿ ಕಳಿಸಿದ್ದೆ. ಅಲ್ಲಿ ಬಿಚ್ಚಿ ನೋಡಿದರೆ ಒಂದೂ ಇಡಿಯಾಗಿ ಉಳಿದಿರಲಿಲ್ಲ. ಅದಕ್ಕೇ ಈ ಸಲ ಗಟ್ಟಿ ಪೆಟ್ಟಿಗೆ ಹುಡುಕುತ್ತಿದ್ದೇನೆ. ಅಂಗಡಿಯಲ್ಲಿ ನೋಡಲು ಒಂದೇ ತರಹದ ಎರಡನ್ನು ತೋರಿಸಿದರು. ಒಂದಕ್ಕೆ 3,500 ರೂಪಾಯಿ, ಇನ್ನೊಂದಕ್ಕೆ 8,000. ಎರಡನ್ನೂ ಬೆರಳಿನಿಂದ ಕುಟ್ಟಿ, "ಎರಡೂ ಕಲ್ಲಿನಂತಿವೆ ಮೇಡಂ" ಎಂದರು. ಹಾಗಾದರೆ ಬೆಲೆ ಏಕೆ ಇಷ್ಟು ದೂರ?

ಕೋಟೆನಾಡು, ಚಿತ್ರದುರ್ಗ:
ಅಕ್ಕ, ಗಟ್ಟಿ ಪೆಟ್ಟಿಗೆಯ ಆಸೆ ಬಿಡಿ. ನನ್ನದು ಮೊದಲ ಪ್ರಯಾಣದಲ್ಲೇ ಮೂಲೆ ಸೀಳಿತು. ಬಸ್ಸಿನ ಡಿಕ್ಕಿಯಲ್ಲಿ ಬಟ್ಟೆಯ ಬ್ಯಾಗಾದರೆ ಒತ್ತರಿಸಿಕೊಂಡು ಕೂರುತ್ತದೆ, ಗಟ್ಟಿಯದು ಜಾಗವಿಲ್ಲದೆ ಮೇಲೆ ಕೂತು ಉರುಳುತ್ತದೆ. ಬಿಚ್ಚುವುದಂತೂ ದೊಡ್ಡ ಕಷ್ಟ. ಪುಸ್ತಕದಂತೆ ಎರಡು ಹೋಳಾಗಿ ತೆರೆಯುವುದರಿಂದ ಹಾಸ್ಟೆಲ್ ಕೋಣೆಯ ನೆಲವೆಲ್ಲ ಅದಕ್ಕೇ ಬೇಕು.

ಬ್ಯಾಗ್ ರಿಪೇರಿ, ದಾವಣಗೆರೆ:
ಇಪ್ಪತ್ತು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕೋಟೆನಾಡು ಅವರೇ, ನಿಮ್ಮ ಪೆಟ್ಟಿಗೆ ಸೀಳುವ ಮೊದಲು ಮೂಲೆಯಲ್ಲಿ ಬಿಳಿ ಗೆರೆ ಮೂಡಿತ್ತೇ? ಮೂಡಿದ್ದರೆ ಅದು ಬಹುಶಃ ಎಬಿಎಸ್ ಎಂಬ ಪ್ಲಾಸ್ಟಿಕ್. ಅಗ್ಗದ ಹೆಲ್ಮೆಟ್‌ಗಳ ಚಿಪ್ಪು ಕೂಡ ಅದರದ್ದೇ. ಮುಟ್ಟಿದರೆ ಗಟ್ಟಿ, ಪೆಟ್ಟು ಬಿದ್ದರೆ ಸೀಳು.

ಪಾಲಿಕಾರ್ಬೊನೇಟ್ ಎಂಬ ಇನ್ನೊಂದು ಪ್ಲಾಸ್ಟಿಕ್ ಹಾಗಲ್ಲ. ಇಪ್ಪತ್ತು ಲೀಟರಿನ ಹಳೆಯ ನೀರಿನ ಕ್ಯಾನ್ ಕೈಜಾರಿ ಬಿದ್ದು ಪುಟಿದದ್ದನ್ನು ನೀವೆಲ್ಲ ನೋಡಿದ್ದೀರಿ. ಆ ಕ್ಯಾನ್‌ಗಳನ್ನು ಹೆಚ್ಚಾಗಿ ಅದರಿಂದಲೇ ಮಾಡುತ್ತಿದ್ದರು. ಮೂರನೆಯದು ಪಾಲಿಪ್ರೊಪಿಲೀನ್, ಮದುವೆ ಮನೆಯ ಪ್ಲಾಸ್ಟಿಕ್ ಕುರ್ಚಿಯದು. ಹಗುರ, ಬಾಗುತ್ತದೆ, ಬೆಲೆಯೂ ಕಡಿಮೆ. ಆದರೆ ಕೊರೆಯುವ ಚಳಿಯಲ್ಲಿ ಪೆಡಸಾಗುತ್ತದೆ. ಜರ್ಮನಿಗೆ ಎಂದರೆ ನಾನು ಪಾಲಿಕಾರ್ಬೊನೇಟ್ ಎನ್ನುತ್ತೇನೆ.

ಗಿರಿಜಮ್ಮನವರೇ, ಕುಟ್ಟಿ ನೋಡುವುದರಿಂದ ಏನೂ ತಿಳಿಯುವುದಿಲ್ಲ. ಮುಚ್ಚಳದ ನಡುವೆ ಅಂಗೈ ಊರಿ ಒತ್ತಿ. ಒಳಕ್ಕೆ ಹೋಗಿ, ಕೈ ತೆಗೆದ ಕೂಡಲೇ ಮೊದಲಿನಂತಾಗಬೇಕು. ಒತ್ತಿದರೂ ಬಾಗದಿರುವುದನ್ನು ಗಟ್ಟಿ ಎಂದು ನಂಬಿ ಮೋಸಹೋಗುವವರೇ ಹೆಚ್ಚು. ಒಳಗಿನ ಚೀಟಿಯಲ್ಲಿ 'ಪಿಸಿ' (ಅಂದರೆ ಪಾಲಿಕಾರ್ಬೊನೇಟ್) ಎಂದಷ್ಟೇ ಇದೆಯೋ 'ಪಿಸಿ+ಎಬಿಎಸ್' ಎಂದಿದೆಯೋ ನೋಡಿ. ಎರಡನೆಯದರಲ್ಲಿ ಎಷ್ಟೋ ಸಲ ಒಳಗೆ ಎಬಿಎಸ್ ಇದ್ದು, ಮೇಲೆ ತೆಳು ಪದರ ಮಾತ್ರ ಪಾಲಿಕಾರ್ಬೊನೇಟ್ ಆಗಿರುತ್ತದೆ.

ಇನ್ನೊಂದು ಮಾತು. ನನ್ನ ಅಂಗಡಿಗೆ ಚಿಪ್ಪು ಒಡೆದು ಬರುವುದು ಅಪರೂಪ. ಬರುವುದೆಲ್ಲ ಗಾಲಿ, ಎಳೆಯುವ ರಾಡ್ ಮತ್ತು ಜಿಪ್‌ನ ರನ್ನರ್. ಗಾಲಿ ರಿವೆಟ್‌ನಲ್ಲಿ ಕೂತಿದ್ದರೆ ಬದಲಿಸುವುದು ಕಷ್ಟ, ಸ್ಕ್ರೂ ಇದ್ದರೆ ಹತ್ತು ನಿಮಿಷದ ಕೆಲಸ. ಒಳಗಿನ ಬಟ್ಟೆಯ ಜಿಪ್ ತೆಗೆದು ಸ್ಕ್ರೂ ಇದೆಯೇ ಎಂದು ನೋಡಿಯೇ ದುಡ್ಡು ಕೊಡಿ.

ಕೋಟೆನಾಡು:
ಬಿಳಿ ಗೆರೆ ಮೂಡಿದ್ದು ನಿಜ, ನಾನು ಅದನ್ನು ಬಣ್ಣ ಹೋಗಿದೆ ಎಂದುಕೊಂಡಿದ್ದೆ. ಚಿಪ್ಪಿನ ಮಾತು ಒಪ್ಪಿದೆ ಅಣ್ಣ. ಆದರೆ ಜಿಪ್? ಬಾಲ್‌ಪೆನ್ನಿನ ತುದಿ ಚುಚ್ಚಿದರೆ ಬೀಗ ಹಾಕಿದ ಜಿಪ್ ಬಿಚ್ಚಿಕೊಳ್ಳುತ್ತದೆ, ರನ್ನರನ್ನು ಹಿಂದೆ ಮುಂದೆ ಎಳೆದರೆ ಗುರುತೂ ಉಳಿಯದೆ ಮುಚ್ಚಿಕೊಳ್ಳುತ್ತದೆ. ಅಪ್ಪನ ಹಳೆಯ ವಿಐಪಿ ಪೆಟ್ಟಿಗೆಗೆ ಚಿಲಕವಿತ್ತು, ಆ ಭಯವೇ ಇರಲಿಲ್ಲ. ಹಾಗೆಯೇ ನಾಲ್ಕು ಗಾಲಿಯದನ್ನು ತೆಗೆದುಕೊಳ್ಳಬೇಡಿ ಅಕ್ಕ. ರೈಲು ಓಲಾಡಿದರೆ ಬಾಗಿಲವರೆಗೆ ಉರುಳಿಹೋಗುತ್ತದೆ.

ಬ್ಯಾಗ್ ರಿಪೇರಿ:
ಪೆನ್ನಿನ ಮಾತು ಸರಿ. ರನ್ನರ್‌ಗಳೆರಡನ್ನೂ ಪೆಟ್ಟಿಗೆಯ ಮೈಯಲ್ಲಿರುವ ಬೀಗಕ್ಕೆ ಸಿಕ್ಕಿಸಿದರೆ ಅವು ಅಲುಗುವುದಿಲ್ಲ, ಬಿಚ್ಚಿದ್ದು ಗೊತ್ತಾಗುತ್ತದೆ. ಚಿಲಕದ ಪೆಟ್ಟಿಗೆ ಈಗಲೂ ಸಿಗುತ್ತದೆ, ಆದರೆ ಚೌಕಟ್ಟಿನ ಭಾರ ಜಾಸ್ತಿ. 23 ಕೆ.ಜಿ.ಯಲ್ಲಿ ಐದಾರು ಕೆ.ಜಿ.ಯನ್ನು ಪೆಟ್ಟಿಗೆಯೇ ತಿಂದರೆ ಮಗು ಒಯ್ಯುವುದೇನು?

ಚಂದ್ರವಳ್ಳಿ:
ನಾನು ದುರ್ಗದವಳು, ನಾಲ್ಕು ವರ್ಷದಿಂದ ಜರ್ಮನಿಯಲ್ಲಿದ್ದೇನೆ. ಗಾಲಿಯ ವಿಷಯದಲ್ಲಿ ಕೋಟೆನಾಡು ಅಣ್ಣನ ಮಾತು ನನಗೆ ಅರ್ಧ ಮಾತ್ರ ಒಪ್ಪಿಗೆ. ಇಲ್ಲಿಯ ಹಳೆಯ ಊರುಗಳ ಬೀದಿಗೆ ಕಲ್ಲು ಹಾಸಿದ್ದಾರೆ, ಅಲ್ಲಿ ಎರಡು ದೊಡ್ಡ ಗಾಲಿಯೇ ಲೇಸು. ವಿಮಾನ ನಿಲ್ದಾಣದಲ್ಲಿ ಒಬ್ಬಳೇ ಹುಡುಗಿ 23 ಕೆ.ಜಿ. ತಳ್ಳಲು ನಾಲ್ಕು ಗಾಲಿ ಬೇಕು. ನಾಲ್ಕರದ್ದನ್ನೇ ಕೊಂಡು, ಕಲ್ಲಿನ ಮೇಲೆ ವಾಲಿಸಿ ಎರಡರಲ್ಲಿ ಎಳೆಯಲಿ.

ಗಿರಿಜಮ್ಮ, ನಿಮ್ಮ ರೊಟ್ಟಿಯನ್ನು ಪೆಟ್ಟಿಗೆಯೊಂದೇ ಉಳಿಸುವುದಿಲ್ಲ. ನನ್ನ ಅಮ್ಮ ಮೊದಲ ಸಲ ಗಟ್ಟಿ ಪೆಟ್ಟಿಗೆಯಲ್ಲೇ ಕಳಿಸಿದ್ದರು, ಅದೂ ಪುಡಿಯಾಯಿತು. ಪೆಟ್ಟಿಗೆಯಲ್ಲಿ ಖಾಲಿ ಉಳಿದ ಜಾಗದಲ್ಲಿ ರೊಟ್ಟಿ ದಾರಿಯುದ್ದಕ್ಕೂ ಕುಣಿದಿತ್ತು. ಮುಂದಿನ ಸಲ ಹತ್ತತ್ತು ರೊಟ್ಟಿಯ ಅಡಕಲಿನ ಮೇಲೂ ಕೆಳಗೂ ರಟ್ಟು ಇಟ್ಟು, ಹಳೆಯ ಸೀರೆಯಲ್ಲಿ ಬಿಗಿಯಾಗಿ ಸುತ್ತಿ, ಸ್ವೆಟರ್‌ಗಳ ನಡುವೆ ಇಟ್ಟರು. ಎರಡೋ ಮೂರೋ ಅಂಚು ಮುರಿದಿದ್ದವು, ಅಷ್ಟೇ. ಪುಸ್ತಕ, ಕುಕ್ಕರ್‌ನಂತಹ ಭಾರದ ವಸ್ತು ಗಾಲಿಯ ಕಡೆಗಿರಲಿ. ಮೇಲಿಟ್ಟರೆ ಪೆಟ್ಟಿಗೆ ನಿಲ್ಲಿಸಿದಾಗ ಅದರ ಭಾರವೆಲ್ಲ ರೊಟ್ಟಿಯ ಮೇಲೆ ಇಳಿಯುತ್ತದೆ. ಕುಕ್ಕರ್ ಒಳಗೆ ಶೇಂಗಾ ಚಟ್ನಿಪುಡಿ, ಬೂಟಿನ ಒಳಗೆ ಕಾಲುಚೀಲ, ಹೀಗೆ ಪ್ರತಿ ಪೊಳ್ಳೂ ತುಂಬಲಿ.

ಬೆಣ್ಣೆ, ತುಪ್ಪ, ಪೇಡ ಕಳಿಸಬೇಡಿ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ ತರುವುದನ್ನು ಯುರೋಪಿನ ಒಕ್ಕೂಟ ನಿಷೇಧಿಸಿದೆ. ದಾವಣಗೆರೆಯ ಬೆಣ್ಣೆಯನ್ನು ಕಸದ ಡಬ್ಬಿಗೆ ಹಾಕಿಸಿಕೊಳ್ಳುವ ಸಂಕಟ ಯಾರಿಗೂ ಬೇಡ. ಕೊಬ್ಬರಿ ಗಿಟುಕೂ ಬೇಡ, ಎಣ್ಣೆಯಂಶದಿಂದ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದೆಂದು ವಿಮಾನದಲ್ಲಿ ಬಿಡುವುದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಕೋಟೆನಾಡು:
ವಿಮಾನದಲ್ಲಿ ಪೆಟ್ಟಿಗೆ ಮುರಿದರೆ ಪರಿಹಾರ ಕೊಡುತ್ತಾರೆಯೇ ತಂಗಿ? ನನಗೆ ಬಿಡಿಗಾಸೂ ಸಿಗಲಿಲ್ಲ.

ಚಂದ್ರವಳ್ಳಿ:
ನೀವು ಮನೆಗೆ ಬಂದ ಮೇಲೆ ಹೇಳಿದಿರೇನೋ. ನಿಲ್ದಾಣ ಬಿಡುವ ಮೊದಲೇ ಲಗೇಜ್ ಕೌಂಟರಿನಲ್ಲಿ ದೂರು ಬರೆಸಿ, ಅದರ ಪ್ರತಿ ಪಡೆಯಬೇಕು. ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದದಂತೆ ಹಾನಿಯ ದೂರನ್ನು ಪೆಟ್ಟಿಗೆ ಕೈಸೇರಿದ 7 ದಿನಗಳೊಳಗೆ ಲಿಖಿತವಾಗಿ ಕೊಡಬೇಕು. ಕೌಂಟರಿಗೆ ಒಪ್ಪಿಸುವ ಮುನ್ನ ನಾಲ್ಕೂ ಬದಿಯ ಫೋಟೊ ತೆಗೆದಿರಿ, ಬಿಲ್ ಎಸೆಯಬೇಡಿ. ಗೀರು, ಸವೆತಕ್ಕೆಲ್ಲ ಏನೂ ಕೊಡುವುದಿಲ್ಲ.

ಗಿರಿಜಾ:
ನಿನ್ನೆ ಹೋಗಿ ಒತ್ತಿ ನೋಡಿದೆ. 8,000ದ್ದು ಅಂಗೈಯಡಿ ತಗ್ಗಿ ಟಪ್ಪೆಂದು ಮೇಲೆದ್ದಿತು, 3,500ರದ್ದು ಜಪ್ಪಯ್ಯ ಎಂದರೂ ಬಾಗಲಿಲ್ಲ. ಒಳಗೆ ಸ್ಕ್ರೂ ಇದ್ದವು, ಕೊಂಡುಬಿಟ್ಟೆ. ಖಾಲಿ ಪೆಟ್ಟಿಗೆ 3 ಕೆ.ಜಿ. 800 ಗ್ರಾಂ. ಎಲ್ಲವನ್ನೂ ತುಂಬಿ ತೂಗಿದರೆ 26 ಬಂತು. ರೊಟ್ಟಿ ತೆಗೆಯಲು ಮನಸ್ಸಿಲ್ಲ, ಅಕ್ಕಿಯನ್ನು ತೆಗೆಯುತ್ತೇನೆ. ರಿಪೇರಿ ಅಣ್ಣ, ಭಾನುವಾರ ಅಂಗಡಿ ತೆರೆದಿರುತ್ತದೆಯೇ? ಗಾಲಿಯನ್ನೊಮ್ಮೆ ನೋಡಿ ಹೇಳಬೇಕು.

ಬ್ಯಾಗ್ ರಿಪೇರಿ:
ಮಧ್ಯಾಹ್ನದವರೆಗೆ ತೆರೆದಿರುತ್ತದೆ. ಖಾಲಿ ತರಬೇಡಿ, ತುಂಬಿಕೊಂಡೇ ತನ್ನಿ. ಭಾರವಿಲ್ಲದೆ ಎಳೆದರೆ ಗಾಲಿಯ ದೋಷ ಕಾಣಿಸುವುದಿಲ್ಲ.