ಡಿಜೆ ಸದ್ದು 85 ಇದ್ದದ್ದು 88 ಆದರೆ ‘ಬರೀ ಮೂರು’ ಜಾಸ್ತಿನಾ?

ನಿಟ್ಟುವಳ್ಳಿ ನಿವಾಸಿ: ಗಣಪತಿ ಬಿಡೋ ದಿನ ದಾವಣಗೆರೆಯ ನಮ್ಮ ಬೀದಿಯಲ್ಲಿ ಒಂದು ಡಿಜೆ ಗಾಡಿ ನಿಂತಿತ್ತು. ಮನೆ ಬಾಗಿಲಲ್ಲಿ ಮೊಬೈಲ್ ಆಪ್ 85 ಡೆಸಿಬೆಲ್ ತೋರಿಸಿತು. ಅಂಥದ್ದೇ ಇನ್ನೊಂದು ಗಾಡಿ ಪಕ್ಕಕ್ಕೆ ಬಂತು, 88 ಆಯಿತು. ಕಿಟಕಿ ಗಾಜು ನಡುಗಿತು, ಅಪ್ಪನಿಗೆ ಎದೆ ಹಿಡಿದಂತಾಯಿತು. ಗಾಡಿಯವರನ್ನು ಕೇಳಿದರೆ ‘ಬರೀ ಮೂರು ಜಾಸ್ತಿ ಆಗಿದೆ’ ಎಂದರು. ಇದು ಸರಿನಾ?

ಫಿಜಿಕ್ಸ್ ಮೇಷ್ಟ್ರು: ಸರಿಯಲ್ಲ. ಡೆಸಿಬೆಲ್ ಲಾಗರಿದಮ್ ಲೆಕ್ಕ. 10 ಏರಿದರೆ ಶಬ್ದದ ಶಕ್ತಿ 10 ಪಟ್ಟು, 20 ಏರಿದರೆ 100 ಪಟ್ಟು. 3 ಏರಿದರೆ ಎರಡು ಪಟ್ಟು. ಎರಡು ಗಾಡಿಗೆ ಬರಬೇಕಾದ್ದೇ ಅಷ್ಟು. ಕಿವಿಗೆ ಆಗುವ ಹಾನಿಯನ್ನೂ ಹೀಗೇ ಅಳೆಯುತ್ತಾರೆ. ಕೆಲಸದ ಜಾಗದ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಕೆಲಸಗಾರರಿಗೆ ಇಟ್ಟಿರುವ ಮಿತಿ 85ಕ್ಕೆ ದಿನಕ್ಕೆ 8 ಗಂಟೆ. 88ಕ್ಕೆ 4 ಗಂಟೆ. 100ಕ್ಕೆ ಸುಮಾರು 15 ನಿಮಿಷ ಅಷ್ಟೇ.

ಸೌಂಡ್ ಸಿಸ್ಟಂ ಹುಡುಗ: ಮೇಷ್ಟ್ರೇ, ಶಕ್ತಿ ಎರಡು ಪಟ್ಟು ಆದರೆ ಕಿವಿಗೆ ಎರಡು ಪಟ್ಟು ಕೇಳಿಸುವುದಿಲ್ಲ. ಹಾಗೆ ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಆಮೇಲೆ ಆಪ್ ನಂಬಿ ನಮ್ಮ ಮೇಲೆ ದೂರು ಕೊಡಬೇಡಿ. ಫೋನಿನ ಮೈಕು ಮಾತಿಗೆ ಮಾಡಿದ್ದು. ಕ್ಯಾಲಿಬ್ರೇಶನ್ (ಸರಿಯಾದ ಅಳತೆಗೆ ಹೋಲಿಸಿ ಸರಿಪಡಿಸುವುದು) ಇಲ್ಲದಿದ್ದರೆ ಒಂದೊಂದು ಫೋನು ಒಂದೊಂದು ಅಂಕಿ ಹೇಳುತ್ತದೆ.

ಎಂಸಿಸಿ ಬಿ ಬ್ಲಾಕ್ ಅಕ್ಕ: ಒಪ್ಪಿದೆ ತಮ್ಮಾ. ಆದರೆ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ಮನೆಗಳಿರುವ ಕಡೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. 85 ಅಂದರೆ 30 ಜಾಸ್ತಿ, ಸಾವಿರ ಪಟ್ಟು ಶಕ್ತಿ. ಫೋನು ಐದಾರು ಆಚೀಚೆ ತೋರಿಸಿದರೂ ಮಿತಿಯೊಳಗೆ ಬರುತ್ತದಾ?

ಸೌಂಡ್ ಸಿಸ್ಟಂ ಹುಡುಗ: ಅಕ್ಕಾ, ಆ ಮಿತಿ ಒಂದು ಕ್ಷಣದ ಸದ್ದಿಗಲ್ಲ, ಸರಾಸರಿಗೆ. ನಾವು ಒಂದು ಬೀದಿಯಲ್ಲಿ ಇಡೀ ದಿನ ನಿಲ್ಲುವುದಿಲ್ಲ.

ಫಿಜಿಕ್ಸ್ ಮೇಷ್ಟ್ರು: ಆ ಸರಾಸರಿಯೂ ಶಕ್ತಿಯದ್ದೇ. ಬೆಳಿಗ್ಗೆ 6ರಿಂದ ರಾತ್ರಿ 10, ಒಟ್ಟು 16 ಗಂಟೆ. ಒಂದೇ ಗಂಟೆ 85 ಇದ್ದು, ಉಳಿದ ಹೊತ್ತು ಪೂರ್ತಿ ನಿಶ್ಶಬ್ದ ಅಂತಲೇ ಇಟ್ಟುಕೊಳ್ಳಿ. ಆಗಲೂ ಸರಾಸರಿ 73. 55ಕ್ಕೆ ಎಲ್ಲಿ ಬಂತು?

ಕೋಟೆನಾಡಿನ ಇಂಜಿನಿಯರ್: ಚಿತ್ರದುರ್ಗದಲ್ಲೂ ಇದೇ ಕಥೆ. ಕಿಟಕಿ ನಡುಗಿದ್ದನ್ನು ಯಾರೂ ಮಾತಾಡಲಿಲ್ಲ. ನನಗೆ ಮುಖ್ಯ ಅನಿಸುವುದು ಅದೇ. ಗಾಜು ನಡುಗಿಸುವುದು ಬೇಸ್, ಅಂದರೆ ಧಡ್ ಧಡ್ ಅನ್ನುವ ತಗ್ಗು ಸ್ವರ. ನಿಯಮದಲ್ಲಿ ಸದ್ದು ಅಳೆಯಲು ಇರುವುದು ‘ಎ’ ಸ್ಕೇಲ್. ಅದು ಬೇಸನ್ನು ಬಹಳ ಕಡಿಮೆ ಎಣಿಸುತ್ತದೆ. 50 ಹರ್ಟ್ಜ್ (ಸೆಕೆಂಡಿಗೆ 50 ಕಂಪನ) ಬೇಸ್ ಸದ್ದಿಗೆ ಸುಮಾರು 30 ಡೆಸಿಬೆಲ್ ಕಳೆದೇ ಅಂಕಿ ತೋರಿಸುತ್ತದೆ. ಸಣ್ಣ ಸದ್ದಿನಲ್ಲಿ ನಮ್ಮ ಕಿವಿಗೆ ಬೇಸ್ ಸರಿಯಾಗಿ ಕೇಳಿಸುವುದಿಲ್ಲ, ‘ಎ’ ಸ್ಕೇಲ್ ಆ ಅಳತೆಯ ಮೇಲೆ ಮಾಡಿದ್ದು. ಜೋರು ಸದ್ದಿನಲ್ಲಿ ಕಿವಿ ಹಾಗಿರುವುದಿಲ್ಲ. ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅದನ್ನು ಅಳೆದು ತೋರಿಸಿದ್ದಾರೆ. ಬೇಸನ್ನು ಹೆಚ್ಚುಕಡಿಮೆ ಇದ್ದಂತೆಯೇ ಎಣಿಸುವ ‘ಸಿ’ ಸ್ಕೇಲ್ ಕೂಡ ಇದೆ. ಡಿಜೆ ಮುಂದೆ ಎರಡರಲ್ಲೂ ಅಳೆಯಲೇಬೇಕು.

ಸೌಂಡ್ ಸಿಸ್ಟಂ ಹುಡುಗ: ಬೇಸ್ ಇಳಿಸಿದರೆ ಹುಡುಗರು ಕುಣಿಯುವುದಿಲ್ಲ, ಬಾಡಿಗೆ ಕೊಡುವವರೂ ಒಪ್ಪುವುದಿಲ್ಲ ಅಣ್ಣ. ನಮ್ಮ ಹೊಟ್ಟೆಪಾಡೂ ನೋಡಿ.

ಕೋಟೆನಾಡಿನ ಇಂಜಿನಿಯರ್: ಪೂರ್ತಿ ತೆಗೆಯಿರಿ ಅಂದಿಲ್ಲ. ಮನೆಗಳ ನಡುವೆ ಹೋಗುವಾಗ ಮಿಕ್ಸರಿನಲ್ಲಿ ಬೇಸ್ 10 ಡೆಸಿಬೆಲ್ ಇಳಿಸಿ. ಮೈದಾನಕ್ಕೆ ಹೋದ ಮೇಲೆ ಏರಿಸಿಕೊಳ್ಳಿ.

ನಿಟ್ಟುವಳ್ಳಿ ನಿವಾಸಿ: ಹಾಗಾದರೆ ಅಳೆದೇ ಮಾತಾಡೋಣ. ‘ಎ’, ‘ಸಿ’ ಎರಡೂ ಇರುವ, ಕ್ಯಾಲಿಬ್ರೇಶನ್ ಆದ ಮೀಟರ್ ದಾವಣಗೆರೆಯಲ್ಲಿ ಯಾರ ಹತ್ತಿರವಾದರೂ ಇದ್ದರೆ ಹೇಳಿ. ಅಪ್ಪನ ಕೋಣೆಯ ಕಿಟಕಿ ಹತ್ತಿರವೇ ಇಡೋಣ.