ದೊಡ್ಡತ್ತೆಯ ಸಕ್ಯುಲೆಂಟ್ ಮತ್ತು ಒಂದು ಫಾರ್ವರ್ಡ್

ದೊಡ್ಡತ್ತೆ: (ಫಾರ್ವರ್ಡ್ ಸಂದೇಶ) ಸಕ್ಯುಲೆಂಟ್ (ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ) ಗಿಡದ ಎಲೆ ಉದುರುತ್ತಿದೆಯೇ? ಗಿಡಕ್ಕೆ ಬಾಯಾರಿದೆ ಎಂದರ್ಥ! ದಿನಕ್ಕೆ ಎರಡು ಬಾರಿ ಎಲೆಗಳ ಮೇಲೆ ನೀರು ಚಿಮುಕಿಸಿ. ಕುಂಡದ ತಳಕ್ಕೆ ಜಲ್ಲಿ ಹಾಕಿ. ಒಂದೇ ವಾರದಲ್ಲಿ ಗಿಡ ನಳನಳಿಸುತ್ತದೆ. ಎಲ್ಲರಿಗೂ ಹಂಚಿ 🙏

ದೊಡ್ಡತ್ತೆ: ಗಿಡ ಇರುವವರೆಲ್ಲ ಓದಿ. ನಾನು ನಾಲ್ಕು ದಿನದಿಂದ ಮಾಡುತ್ತಿದ್ದೇನೆ.

ಚಿಕ್ಕಪ್ಪ: ಒಳ್ಳೆಯ ಮಾಹಿತಿ ಅಕ್ಕ 👌👌

ಅಣ್ಣ: ಅತ್ತೆ, ಮೊದಲು ಆ ನೀರು ನಿಲ್ಲಿಸಿ. ಈ ಮೆಸೇಜ್‌ನಲ್ಲಿ ಸರಿಯಾಗಿರುವುದು ಕೊನೆಯ ಕೈಮುಗಿದ ಚಿತ್ರ ಒಂದೇ.

ಚಿಕ್ಕಪ್ಪ: ಏನೋ ಇದು, ದೊಡ್ಡವರು ಹಾಕಿದ್ದಕ್ಕೆ ಹೀಗಾ ಮಾತಾಡುವುದು?

ಅಣ್ಣ: ಬೈದಿದ್ದು ಮೆಸೇಜ್ ಬರೆದವನಿಗೆ ಚಿಕ್ಕಪ್ಪ. ಅತ್ತೆ, ನಾಲ್ಕು ದಿನದಲ್ಲಿ ಉದುರುವುದು ಕಡಿಮೆ ಆಯಿತಾ?

ದೊಡ್ಡತ್ತೆ: ಇಲ್ಲ ಕಣೋ, ಜಾಸ್ತಿಯೇ ಆಗಿದೆ. ಬೆಳಿಗ್ಗೆ ಸುಮ್ನೆ ಕುಂಡ ತಿರುಗಿಸಿದೆ, ಏಳೆಂಟು ಎಲೆ ಬಿದ್ದವು.

ಅಣ್ಣ: ಅದರಲ್ಲಿ ಒಂದನ್ನು ಬೆರಳಲ್ಲಿ ಒತ್ತಿ ನೋಡಿ.

ದೊಡ್ಡತ್ತೆ: ಒತ್ತಿದೆ. ಪಿಚಕ್ ಅಂತ ನೀರು ಬಂತು. ಎಲೆ ಹಳದಿ ಆಗಿದೆ. ಬೆಳಕಿಗೆ ಹಿಡಿದರೆ ಆ ಕಡೆಯ ಬೆರಳು ಮಸುಕಾಗಿ ಕಾಣುತ್ತದೆ.

ಅಣ್ಣ: ಇದು ಬಾಯಾರಿಕೆ ಅಲ್ಲ ಅತ್ತೆ, ಅಜೀರ್ಣ. ಬಾಯಾರಿದರೆ ಬುಡದ ಎಲೆಗಳು ಮೊದಲು ತೆಳ್ಳಗಾಗಿ ಸುಕ್ಕುಗಟ್ಟುತ್ತವೆ. ಆಮೇಲೆ ಕಾಗದದ ಹಾಗೆ ಒಣಗುತ್ತವೆ. ಮೆತ್ತಗಾಗಿ, ಮುಟ್ಟಿದ ಕೂಡಲೇ ಕಳಚಿ ಬೀಳುವುದು ನೀರು ಹೆಚ್ಚಾದ ಗಿಡ. ಎಲೆಯೊಳಗಿನ ಕೋಶಗಳು ನೀರು ತುಂಬಿ ಒಡೆದಿರುತ್ತವೆ.

ಪುಟ್ಟಿ: ಬುಡದಲ್ಲಿ ಒಂದೆರಡು ಎಲೆ ಒಣಗಿದರೂ ನೀರು ಹಾಕಬೇಕಾ?

ಅಣ್ಣ: ಬೇಡ. ಮೇಲಿನ ಎಲೆ ಗಟ್ಟಿಯಾಗಿದ್ದರೆ ಕೆಳಗಿನದು ವಯಸ್ಸಾಗಿ ಹೋಗಿದ್ದು. ಇನ್ನೊಂದು ಮೋಸ ಇದೆ ನೋಡು. ಬೇರು ಕೊಳೆತರೆ ಮಣ್ಣಲ್ಲಿ ನೀರಿದ್ದರೂ ಗಿಡಕ್ಕೆ ಕುಡಿಯೋಕೆ ಆಗುವುದಿಲ್ಲ. ಆಗಲೂ ಎಲೆ ಸುಕ್ಕಾಗುತ್ತದೆ. ಜನ ಅದನ್ನು ನೋಡಿ ಇನ್ನೊಂದು ಚೊಂಬು ಸುರಿಯುತ್ತಾರೆ. ಅದಕ್ಕೇ ಎಲೆಯ ಜೊತೆ ಮಣ್ಣನ್ನೂ ಮುಟ್ಟಿ ನೋಡಬೇಕು.

ಪುಟ್ಟಿ: ಚಿಮುಕಿಸಿದರೆ ಏನು ತೊಂದರೆ? ಸ್ವಲ್ಪವೇ ಅಲ್ವಾ?

ಅಣ್ಣ: ಕುಡಿಯುವುದು ಬೇರು. ಎಲೆ ಮೇಲೆ ಬಿದ್ದದ್ದು ಸಂದಿನಲ್ಲಿ ನಿಂತು ಕೊಳೆಸುತ್ತದೆ. ಈ ಗಿಡಗಳು ನೀರು ಆವಿಯಾಗದಿರಲಿ ಅಂತ ಹಗಲೆಲ್ಲ ಎಲೆಯ ಸಣ್ಣ ತೂತುಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು ಗಾಳಿ ಎಳೆದುಕೊಳ್ಳುತ್ತವೆ. ಇಷ್ಟು ಜಿಪುಣ ಗಿಡಕ್ಕೆ ದಿನಕ್ಕೆ ಎರಡು ಸಲ ಸ್ನಾನ!

ಚಿಕ್ಕಪ್ಪ: ಆಯ್ತಪ್ಪ. ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ, ಅದಂತೂ ಸರಿ ತಾನೇ? ನಾನು ಇಷ್ಟು ವರ್ಷ ಹಾಕಿಕೊಂಡೇ ಬಂದಿದ್ದೇನೆ.

ಅಣ್ಣ: ಅದೂ ತಪ್ಪು ಚಿಕ್ಕಪ್ಪ. ಒದ್ದೆ ಸ್ಪಂಜನ್ನು ಜಲ್ಲಿ ಮೇಲೆ ಇಟ್ಟು ನೋಡಿ. ನೀರೆಲ್ಲ ಸುರಿದು ಹೋಗುತ್ತದಾ? ಮಣ್ಣೂ ಹಾಗೇ ಹಿಡಿದುಕೊಳ್ಳುತ್ತದೆ. ಕುಂಡದ ತಳದಲ್ಲಿ ಇರಬೇಕಿದ್ದ ಒದ್ದೆ ಪದರ ಜಲ್ಲಿಯಿಂದಾಗಿ ಮೇಲೆ ಬರುತ್ತದೆ, ಬೇರಿಗೆ ಇನ್ನೂ ಹತ್ತಿರ. ಹಾಕುವುದಾದರೆ ದಪ್ಪ ಮರಳನ್ನೋ ಪರ್ಲೈಟ್ ಅನ್ನುವ ಹಗುರವಾದ ಬಿಳಿ ಹರಳನ್ನೋ ಮಣ್ಣಿಗೇ ಬೆರೆಸಿ, ಅರ್ಧಕ್ಕೆ ಅರ್ಧ.

ಚಿಕ್ಕಪ್ಪ: ನನ್ನ ಗಿಡಗಳು ಚೆನ್ನಾಗಿಯೇ ಇವೆ.

ಅಣ್ಣ: ನೀವು ನೀರು ಹಾಕೋದೇ ಮರೆಯುತ್ತೀರಿ, ಅದಕ್ಕೆ.

ನಾನು: ಅತ್ತೆ, ನಿಮ್ಮ ಕುಂಡಕ್ಕೆ ತೂತು ಇದೆಯಾ?

ದೊಡ್ಡತ್ತೆ: ಇದೆ. ಪ್ಲಾಸ್ಟಿಕ್ ಕುಂಡ. ಚೆನ್ನಾಗಿ ಕಾಣಲಿ ಅಂತ ಅದನ್ನು ಬಿಳಿ ಪಿಂಗಾಣಿ ಕುಂಡದೊಳಗೆ ಇಟ್ಟಿದ್ದೇನೆ.

ನಾನು: ಒಳಗಿನದನ್ನು ಎತ್ತಿ ನೋಡಿ.

(ಹತ್ತು ನಿಮಿಷ ಯಾರದ್ದೂ ಸದ್ದಿಲ್ಲ. ನಡುವೆ ಚಿಕ್ಕಪ್ಪ ‘ಶುಭ ಸಂಜೆ’ ಎಂದು ಗುಲಾಬಿ ಹೂವಿನ ಚಿತ್ರ ಹಾಕಿದರು.)

ದೊಡ್ಡತ್ತೆ: ಎರಡು ಬೆರಳಷ್ಟು ನೀರು ನಿಂತಿದೆ. ವಾಸನೆ ಬೇರೆ.

ಚಿಕ್ಕಪ್ಪ: ನಾನು ಆಗಲೇ ಹೇಳಬೇಕು ಅಂದುಕೊಂಡಿದ್ದೆ.

ಅಣ್ಣ: ಅತ್ತೆ, ಕಾಂಡದ ಬುಡ ಯಾವ ಬಣ್ಣ ಇದೆ?

ದೊಡ್ಡತ್ತೆ: ಮಣ್ಣಿನ ಹತ್ತಿರ ಕಪ್ಪು. ಮೇಲೆ ಹಸಿರು. ಹೋಯಿತಾ ಗಿಡ?

ಅಣ್ಣ: ಮೇಲಿನ ಅರ್ಧ ಉಳಿಸಬಹುದು. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕಪ್ಪಿನಿಂದ ಮೇಲಕ್ಕೆ ಕತ್ತರಿಸಿ. ಕತ್ತರಿಸಿದ ಜಾಗದಲ್ಲಿ ಕಂದು ಚುಕ್ಕೆ ಕಂಡರೆ ಇನ್ನೂ ಸ್ವಲ್ಪ ಮೇಲೆ, ಪೂರ್ತಿ ಹಸಿರು ಸಿಗುವ ತನಕ. ನಾಲ್ಕೈದು ದಿನ ನೆರಳಲ್ಲಿ ಬಿಡಿ, ಗಾಯ ಒಣಗಿ ಗಟ್ಟಿಯಾಗಲಿ. ಆಮೇಲೆ ಒಣ ಮಣ್ಣಲ್ಲಿ ನೆಡಿ. ಬೇರು ಬರುವ ತನಕ ನೀರಿನ ಚೊಂಬು ಮುಟ್ಟಬೇಡಿ.

ಪುಟ್ಟಿ: ನನ್ನದು ಮೆತ್ತಗೂ ಇಲ್ಲ, ಸುಕ್ಕೂ ಇಲ್ಲ. ಜಡೆ ಥರ ಇಳಿಬೀಳುತ್ತದಲ್ಲ, ಆ ಗಿಡ. ಪರದೆ ತಾಗಿದರೂ ಎಲೆ ಬೀಳುತ್ತದೆ.

ಅಣ್ಣ: ಬರೋಸ್ ಟೇಲ್. ಅದರ ಜಾಯಮಾನವೇ ಅದು. ಬಿದ್ದ ಎಲೆ ಬಿದ್ದಲ್ಲೇ ಬೇರು ಬಿಟ್ಟು ಮರಿ ಮಾಡುತ್ತದೆ. ಪರದೆಯಿಂದ ದೂರ ಇಡು, ಸುಮ್ನೆ ಮುಟ್ಟಬೇಡ. ಬಿದ್ದವನ್ನು ಒಣ ಮಣ್ಣಿನ ಮೇಲೆ ಹರಡಿಡು.

ನಾನು: ನನ್ನದು ಬೇರೆ ಕಥೆ. ಕಿಟಕಿಯಿಂದ ದೂರ, ಪುಸ್ತಕದ ಕಪಾಟಿನ ಮೇಲೆ ಇಟ್ಟಿದ್ದೆ. ಗಿಡ ಕತ್ತು ಚಾಚಿ ಉದ್ದಕ್ಕೆ ಬೆಳೆಯಿತು. ಕೆಳಗಿನ ಎಲೆ ಒಂದೊಂದಾಗಿ ಉದುರಿ ಬರೀ ಕೋಲು ಉಳಿಯಿತು. ಬೆಳಕು ಸಾಲದು ಅಂತ ಗೊತ್ತಾಗಿ ಮಾರನೇ ದಿನವೇ ಸುಡು ಬಿಸಿಲಿಗೆ ಇಟ್ಟೆ. ಮೂರೇ ದಿನ, ಉಳಿದ ಎಲೆಗಳ ಮೇಲೆಲ್ಲ ಕಂದು ಕಲೆ.

ಅಣ್ಣ: ಬಿಸಿಲಿಗೆ ದಿನಕ್ಕೆ ಸ್ವಲ್ಪ ಸ್ವಲ್ಪವೇ ಒಗ್ಗಿಸಬೇಕಿತ್ತು. ಆ ಕಲೆ ಇನ್ನು ಹೋಗುವುದಿಲ್ಲ.

ಚಿಕ್ಕಪ್ಪ: ಕಡೆಗೆ ವಾರಕ್ಕೆ ಎಷ್ಟು ಸಲ ನೀರು ಹಾಕಬೇಕು? ಅದನ್ನು ಹೇಳಿ ಮುಗಿಸು.

ಅಣ್ಣ: ವಾರದ ಲೆಕ್ಕ ಇಲ್ಲ ಚಿಕ್ಕಪ್ಪ. ಮರದ ಕಡ್ಡಿಯನ್ನು ತಳದ ತನಕ ಚುಚ್ಚಿ ತೆಗೆಯಿರಿ. ಮಣ್ಣು ಅಂಟಿ ಬಂದರೆ ಬೇಡ. ಒಣಗಿ ಬಂದರೆ ತೂತಿನಿಂದ ಹರಿದು ಹೋಗುವಷ್ಟು ಹಾಕಿ, ಮತ್ತೆ ಪೂರ್ತಿ ಒಣಗುವ ತನಕ ಮರೆತುಬಿಡಿ.

ದೊಡ್ಡತ್ತೆ: ಕತ್ತರಿಸಿದೆ. ಎರಡನೇ ಸಲಕ್ಕೆ ಹಸಿರು ಸಿಕ್ಕಿತು. ಆ ಮೆಸೇಜನ್ನೂ ಡಿಲೀಟ್ ಮಾಡಿದ್ದೇನೆ.

ಪುಟ್ಟಿ: ನಮಗೆ ಇನ್ನೂ ಕಾಣುತ್ತಿದೆ ಅತ್ತೆ.

ದೊಡ್ಡತ್ತೆ: ಅಯ್ಯೋ, ‘ನನಗೆ ಮಾತ್ರ’ ಅಂತ ಒತ್ತಿಬಿಟ್ಟೆನಾ?

ಚಿಕ್ಕಪ್ಪ: ಇರಲಿ ಬಿಡಕ್ಕ, ನಾನು ಅದನ್ನು ಇನ್ನೆರಡು ಗುಂಪಿಗೆ ಕಳಿಸಿ ಆಗಿದೆ.