ಕೇರಂ ಟೂರ್ನಿ: ಮಾಮೂಲಿ ಆಟಗಾರರು ಬರೋ ಹಾಗೆ ಮಾಡೋದು ಹೇಗೆ?

ಕಟ್ಟೆ_ಕೇರಂ: ನಮ್ಮ ತಾಲ್ಲೂಕಲ್ಲಿ ಟೂರ್ನಿ ಮಾಡಬೇಕು ಅಂತಿದ್ದೇವೆ. ಹೋದ ವರ್ಷ ನಾನೊಂದು ಕಡೆ 500 ರೂಪಾಯಿ ಕಟ್ಟಿ ಹೋಗಿದ್ದೆ. ನಾಕೌಟ್. ಮೊದಲ ಆಟದಲ್ಲೇ ಸೋತೆ, ಹತ್ತೂವರೆಗೆ ಬಸ್‌ಸ್ಟ್ಯಾಂಡಲ್ಲಿದ್ದೆ. ನಮ್ಮಲ್ಲಿ ಹಾಗಾಗಬಾರದು. ಶುಲ್ಕ ಎಷ್ಟಿಡೋಣ?

ಮಧ್ಯದ_ಕೆಂಪು: ಶುಲ್ಕಕ್ಕಿಂತ ಮೊದಲು ನಾಕೌಟ್ ಬಿಡಿ. 32 ಜನ ಬಂದರೆ ಮೊದಲ ಸುತ್ತಿಗೇ 16 ಜನ ಮನೆಗೆ. ಚೆಸ್‌ನವರ ಸ್ವಿಸ್ ಪದ್ಧತಿ ಹಿಡಿಯಿರಿ, ಅಂದರೆ ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು ಎದುರಾಳಿ, ಎಲ್ಲರೂ 5 ಸುತ್ತು ಆಡುತ್ತಾರೆ. ಒಂದು ಆಟ ಮುಗಿಯೋಕೆ 25 ಪಾಯಿಂಟ್ ಇಲ್ಲವೇ 8 ಬೋರ್ಡ್ (ಒಬ್ಬರ ಕಾಯಿಗಳೆಲ್ಲ ಖಾಲಿಯಾದರೆ ಒಂದು ಬೋರ್ಡ್) ಅನ್ನೋ ನಿಯಮ ಇಟ್ಟರೆ ರಾತ್ರಿಯಾಗುತ್ತೆ. ಒಂದು ಆಟಕ್ಕೆ 20 ನಿಮಿಷ ಅಂತ ಗಡಿ ಹಾಕಿ. 8 ಮಣೆ ಇದ್ದರೆ ಪ್ರತಿ ಸುತ್ತು ಎರಡು ಪಾಳಿ, ಒಟ್ಟು ಮೂರೂವರೆ ಗಂಟೆ ಅಷ್ಟೇ.

ಅಂಚಿನ_ಕಾಯಿ: ಮಣೆ ಕೊಳ್ಳಬೇಡಿ, ಸುಮ್ನೆ ಖರ್ಚು. ಮನೆಮನೆಯಿಂದ ಕೇಳಿ ತನ್ನಿ. ಆದರೆ ಮೂಲೆಯ ಜಾಲಿ ಹರಿದಿದೆಯಾ, ನಡುವೆ ಬಾಗಿದೆಯಾ ನೋಡಿ. ಒಂದು ಕಾಯಿ ಇಟ್ಟು ಮೆಲ್ಲಗೆ ತಳ್ಳಿದರೆ ಗೊತ್ತಾಗುತ್ತೆ, ಒಂದೇ ಕಡೆ ವಾಲಿಕೊಂಡು ಹೋದರೆ ಆ ಮಣೆ ಬೇಡ. ನಗದು ಬಹುಮಾನ ಕಡಿಮೆ ಮಾಡಿದರೆ ಶುಲ್ಕ 50ಕ್ಕೆ ಇಳಿಯುತ್ತೆ.

ಸುಮಕ್ಕ_ಆಡ್ತಾರೆ: ನನ್ನದೊಂದು ಮಾತು. ಹೆಂಗಸರಿಗೆ ಬಾಗಿಲು ತೆರೆದಿದೆ ಅಂದರೆ ಸಾಲದು, ಶೌಚಾಲಯ ಇರೋ ಜಾಗ ಹುಡುಕಿ, ಸಂಜೆ 5ರೊಳಗೆ ಮುಗಿಸಿ. ನಾನು ಮನೆಯಲ್ಲಿ ದಿನಾ ಆಡುತ್ತೇನೆ, ಆಚೆ ಒಮ್ಮೆಯೂ ಆಡಿಲ್ಲ. ಕಾರಣ ಇದೇ.

ಕಟ್ಟೆ_ಕೇರಂ: ಅಕ್ಕಾ, ಶಾಲೆಯ ಹಾಲ್ ಕೇಳುತ್ತೇನೆ, ಅಲ್ಲಿ ಶೌಚಾಲಯ ಇದೆ. ನಿಮ್ಮ ಹೆಸರು ಮೊದಲು ಬರೆದುಕೊಳ್ಳಲಾ?